ಎರಡು ತುದಿಗಳ ಹೊರಾಂಗಣ ವೈರ್‌ಲೆಸ್ ಲಿಂಕ್: ಉಪಕರಣ ಕೊಳ್ಳುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಪಾಯಿಂಟ್-ಟು-ಪಾಯಿಂಟ್ ಲಿಂಕ್, ಅಂದರೆ ಎರಡು ಜಾಗಗಳನ್ನು ತಂತಿಯಿಲ್ಲದೆ ಜೋಡಿಸುವ ನೆಟ್‌ವರ್ಕ್, ಹಾಕಲು ಹೊರಟವರು ಮೊದಲು ಕೇಳುವುದು ರೇಡಿಯೊದ (ಅಲೆ ಕಳುಹಿಸಿ ಪಡೆಯುವ ಉಪಕರಣದ) ಹೆಸರನ್ನು. ನಾನು ಮೊದಲು ಕೇಳುವುದು ಅಲೆ ಸಾಗುವ ದಾರಿಯ ವಿವರವನ್ನು. ದಾರಿ ಚೆನ್ನಾಗಿದ್ದರೆ ಸಾಧಾರಣ ರೇಡಿಯೊ ಕೂಡ ವರ್ಷಗಟ್ಟಲೆ ತಕರಾರಿಲ್ಲದೆ ಓಡುತ್ತದೆ. ದಾರಿ ಕೆಟ್ಟಿದ್ದರೆ ಎಷ್ಟು ದುಬಾರಿ ಪೆಟ್ಟಿಗೆ ತಂದರೂ ಅದನ್ನು ಸರಿಮಾಡಲು ಆಗುವುದಿಲ್ಲ. ಕೆಳಗಿನ ಉತ್ತರಗಳನ್ನೆಲ್ಲ ಈ ನಂಬಿಕೆಯಿಂದಲೇ ಬರೆದಿದ್ದೇನೆ.

ಎರಡು ಕಟ್ಟಡಗಳ ನಡುವೆ ನೆಟ್‌ವರ್ಕ್ ಒಯ್ಯಬೇಕು. ಯಾವ ರೇಡಿಯೊ ಕೊಳ್ಳಲಿ?

ನಾಲ್ಕು ಸಂಗತಿ ತಿಳಿದ ಮೇಲೆ ಹೆಸರಿನ ಮಾತು. ತುದಿಯಿಂದ ತುದಿಗೆ ನೇರ ದೂರ ಎಷ್ಟು? ನಡುವೆ ಏನೇನಿದೆ? ಎಷ್ಟು ವೇಗ ನಿಜಕ್ಕೂ ಬೇಕು? ಲಿಂಕ್ ಒಂದು ಗಂಟೆ ಬಿದ್ದುಹೋದರೆ ಯಾವ ಕೆಲಸ ನಿಲ್ಲುತ್ತದೆ? ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ, ಆದರೆ ಎಷ್ಟು ಖರ್ಚು ಮಾಡಬೇಕೆಂದು ತೀರ್ಮಾನಿಸುವುದು ಅದೇ. ಕ್ಯಾಮೆರಾ ನೋಡಲು ಹಾಕುವ ಲಿಂಕಿಗೂ ನೂರು ಜನ ಕೆಲಸ ಮಾಡುವ ಕಚೇರಿಯ ಲಿಂಕಿಗೂ ಒಂದೇ ಅಳತೆಗೋಲು ಸಲ್ಲದು.

ಇನ್ನೊಂದು ಮಾತು. ದೂರ ಕೆಲವು ನೂರು ಮೀಟರ್ ಮಾತ್ರ, ನಡುವಿನ ಜಾಗ ನಿಮ್ಮದೇ, ನೆಲ ಅಗೆಯಲು ಅಡ್ಡಿಯಿಲ್ಲ ಎಂದಾದರೆ ಫೈಬರ್ ಹಾಕಿ. ರೇಡಿಯೊ ಹಾಕುವವನೇ ಹೀಗೆ ಹೇಳುತ್ತಿದ್ದೇನೆ, ಏಕೆಂದರೆ ಫೈಬರಿಗೆ ಮಳೆ, ಮರ, ಪಕ್ಕದವರ ರೇಡಿಯೊ ಯಾವುದರ ಕಾಟವೂ ಇಲ್ಲ. ತಾಮ್ರದ ಈಥರ್ನೆಟ್ ಕೇಬಲನ್ನು ಮಾತ್ರ ಕಟ್ಟಡದಿಂದ ಕಟ್ಟಡಕ್ಕೆ ಎಳೆಯಬೇಡಿ. ಅದರ ಮಿತಿ 100 ಮೀಟರ್, ಮೇಲಾಗಿ ಸಿಡಿಲಿನ ವಿದ್ಯುತ್ತು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹರಿಯಲು ದಾರಿ ಮಾಡಿಕೊಟ್ಟಂತೆ ಆಗುತ್ತದೆ.

ಛಾವಣಿ ಮೇಲೆ ನಿಂತರೆ ಎದುರಿನ ಕಟ್ಟಡ ಕಾಣುತ್ತದೆ. ಅಷ್ಟು ಸಾಕಲ್ಲವೇ?

ಸಾಲದು. ಕಣ್ಣಿಗೆ ಬೇಕಾದದ್ದು ದಾರದಷ್ಟು ತೆಳುವಾದ ಗೆರೆ. ರೇಡಿಯೊ ಅಲೆಗೆ ಬೇಕಾದದ್ದು ಎರಡೂ ತುದಿಯಲ್ಲಿ ಚೂಪಾಗಿ, ನಡುವೆ ಉಬ್ಬಿಕೊಂಡಿರುವ, ಸೌತೆಕಾಯಿಯ ಆಕಾರದ ಖಾಲಿ ಜಾಗ. ಫ್ರಾನ್ಸಿನ ಭೌತವಿಜ್ಞಾನಿ ಫ್ರೆನೆಲ್ ಹೆಸರಿನಿಂದ ಇದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. ಇದರ ಕನಿಷ್ಠ 60 ಶೇಕಡಾ ಭಾಗ ಖಾಲಿ ಇರಬೇಕು ಎಂಬುದು ಎಲ್ಲರೂ ಪಾಲಿಸುವ ಲೆಕ್ಕ.

ಉಬ್ಬು ಎಷ್ಟು ಎಂದು ತಿಳಿಯುವುದು ಸುಲಭ. ದೂರವನ್ನು ಕಿಲೋಮೀಟರಿನಲ್ಲಿ ಬರೆದು, ಅದನ್ನು ಗಿಗಾಹರ್ಟ್ಸ್‌ನಲ್ಲಿ ಬರೆದ ಆವರ್ತನದಿಂದ ಭಾಗಿಸಿ, ವರ್ಗಮೂಲ ತೆಗೆದು, 8.66ರಿಂದ ಗುಣಿಸಿ. ನಟ್ಟನಡುವಿನ ತ್ರಿಜ್ಯ ಮೀಟರಿನಲ್ಲಿ ಬರುತ್ತದೆ. 5.8 ಗಿಗಾಹರ್ಟ್ಸ್‌ನಲ್ಲಿ 5 ಕಿ.ಮೀ. ದೂರಕ್ಕೆ ಅದು ಸುಮಾರು 8 ಮೀಟರ್, ಅದರ 60 ಶೇಕಡಾ ಎಂದರೆ 4.8 ಮೀಟರ್. ಅಂದರೆ ದಾರಿಯ ನಡುವಿನಲ್ಲಿರುವ ಮನೆಯ ಛಾವಣಿ ನಿಮ್ಮ ನೇರ ಗೆರೆಗಿಂತ 5 ಮೀಟರಾದರೂ ಕೆಳಗಿರಬೇಕು. ಗೆರೆಯ ಕೆಳಗೆ ಮಾತ್ರವಲ್ಲ, ಎಡಬಲಕ್ಕೂ ಅಷ್ಟೇ ಜಾಗ ಬೇಕು. ಪಕ್ಕದ ನೀರಿನ ಟ್ಯಾಂಕಿಯನ್ನು ಜನ ಮರೆಯುವುದು ಇಲ್ಲಿಯೇ.

ದೂರ ಹೆಚ್ಚಿದಂತೆ ಭೂಮಿಯ ಬಾಗು ಕೂಡ ಸೇರಿಕೊಳ್ಳುತ್ತದೆ. 10 ಕಿ.ಮೀ.ಗೆ ನಡುವಿನಲ್ಲಿ ಒಂದೂವರೆ ಮೀಟರ್, 20 ಕಿ.ಮೀ.ಗೆ ಸುಮಾರು 6 ಮೀಟರ್, 30 ಕಿ.ಮೀ.ಗೆ 13 ಮೀಟರ್. ವಾತಾವರಣ ಅಲೆಯನ್ನು ಸ್ವಲ್ಪ ಕೆಳಕ್ಕೆ ಬಾಗಿಸುವುದನ್ನೂ ಸೇರಿಸಿಯೇ ಈ ಅಂಕಿಗಳು ಬಂದಿವೆ. ಹಾಗಾಗಿ ಮೊದಲ ಹಣವನ್ನು ಎತ್ತರಕ್ಕೆ ಹಾಕಿ. ಕಂಬಕ್ಕೆ ಸೇರಿಸಿದ 3 ಮೀಟರ್ ಎಷ್ಟೋ ಸಲ ದೊಡ್ಡ ಡಿಶ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ.

ನಡುವೆ ಒಂದೇ ಒಂದು ಮರ ಇದೆ. ನಡೆಯುತ್ತದೆಯೇ?

ಇವತ್ತು ನಡೆಯಬಹುದು. ಎಲೆ ಉದುರಿದ ಕಾಲದಲ್ಲಿ ನಾನು ಹಾಕಿದ ಒಂದು ಲಿಂಕ್ ಅಂದು ಚೆನ್ನಾಗಿಯೇ ಇತ್ತು. ಚಿಗುರು ಬಂದು ಎಲೆ ದಟ್ಟವಾದ ಮೇಲೆ ಸಿಗ್ನಲ್ ಇಳಿಯಿತು, ಮಳೆ ಬಂದು ಎಲೆ ನೆನೆದ ದಿನ ಪೂರ್ತಿ ನಿಂತೇ ಹೋಯಿತು. ನೀರಿನಂಶ ತುಂಬಿದ ಎಲೆ 5 ಗಿಗಾಹರ್ಟ್ಸ್ ಅಲೆಯನ್ನು ಹೀರಿಕೊಳ್ಳುತ್ತದೆ, 60 ಗಿಗಾಹರ್ಟ್ಸ್‌ಗಂತೂ ಅದು ಗೋಡೆಯೇ ಸರಿ. ಮರ ಬೆಳೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಂದು ಗೆರೆಗಿಂತ 2 ಮೀಟರ್ ಕೆಳಗಿರುವ ತುದಿ ನಾಲ್ಕೈದು ವರ್ಷದಲ್ಲಿ ಗೆರೆಯನ್ನು ಮುಟ್ಟಬಹುದು. ಆಂಟೆನಾ ಜಾಗವನ್ನು ಕೆಲವು ಮೀಟರ್ ಪಕ್ಕಕ್ಕೆ ಸರಿಸಿ ನೋಡಿ. ಅದಾಗದಿದ್ದರೆ ಮೂರನೆಯ ಜಾಗದಲ್ಲಿ ರಿಲೇ (ಸಿಗ್ನಲ್ ಪಡೆದು ಮುಂದಕ್ಕೆ ಕಳುಹಿಸುವ ರೇಡಿಯೊ) ಇಟ್ಟು, ಲಿಂಕನ್ನು ಎರಡು ತುಂಡು ಮಾಡಿ.

2.4, 5, 60 ಗಿಗಾಹರ್ಟ್ಸ್: ಯಾವುದು ಒಳ್ಳೆಯದು?

2.4ನ್ನು ಹೊಸ ಲಿಂಕಿಗೆ ನಾನು ಬಹುತೇಕ ಬಳಸುವುದಿಲ್ಲ. ದೂರ ಹೋಗುತ್ತದೆ, ನಿಜ. ಆದರೆ ಅಲ್ಲಿ ಒಂದರ ಮೇಲೊಂದು ಬೀಳದ, 20 ಮೆಗಾಹರ್ಟ್ಸ್ ಅಗಲದ ಆವರ್ತನ ಪಟ್ಟಿಗಳು, ಅಂದರೆ ಚಾನೆಲ್‌ಗಳು ಇರುವುದೇ ಮೂರು, ಆ ಮೂರರಲ್ಲಿ ಸುತ್ತಲಿನ ಮನೆಗಳ ವೈ-ಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ತುಂಬಿರುತ್ತವೆ. ಜನವಸತಿ ಇಲ್ಲದ ಬಯಲಿನಲ್ಲಿ, ಕಡಿಮೆ ವೇಗ ಸಾಕು ಎನ್ನುವಾಗ ಮಾತ್ರ ಯೋಚಿಸಬಹುದು.

5 ಗಿಗಾಹರ್ಟ್ಸ್ ದುಡಿಯುವ ಎತ್ತು. ಕೆಲವು ನೂರು ಮೀಟರಿನಿಂದ ಹತ್ತಾರು ಕಿಲೋಮೀಟರ್‌ವರೆಗೆ ಇದರಲ್ಲೇ ಕೆಲಸ ಸಾಗುತ್ತದೆ. ಎಷ್ಟು ಜೋರು ಮಳೆ ಬಂದರೂ ಈ ಆವರ್ತನದ ಅಲೆಗೆ ಆಗುವ ನಷ್ಟ ತೀರಾ ಅಲ್ಪ. ಮಳೆಯಲ್ಲಿ 5 ಗಿಗಾಹರ್ಟ್ಸ್ ಲಿಂಕ್ ಬಿದ್ದರೆ ಮಳೆಯನ್ನು ಬೈಯಬೇಡಿ, ಕನೆಕ್ಟರಿನೊಳಗೆ ನೀರು ಹೋಗಿದೆಯೇ, ದಾರಿಯಲ್ಲಿ ನೆನೆದ ಮರ ಇದೆಯೇ ನೋಡಿ.

60 ಗಿಗಾಹರ್ಟ್ಸ್‌ನ ಗುಣವೇ ಬೇರೆ. ಗಿಗಾಬಿಟ್ ವೇಗ ಕೊಡುತ್ತದೆ, ಕಿರಣ ತುಂಬ ಸಪೂರವಾದ್ದರಿಂದ ಪಕ್ಕದವರ ತಂಟೆಯಿಲ್ಲ, ಫ್ರೆನೆಲ್ ವಲಯ 1 ಕಿ.ಮೀ.ಗೆ ಬರೀ 1.1 ಮೀಟರ್. ಇದಕ್ಕೆ ತೆರುವ ಬೆಲೆ ದೂರ. ಈ ಆವರ್ತನದಲ್ಲಿ 1 ಕಿ.ಮೀ. ಹೋದರೆ ಆಗುವ ಮೂಲ ನಷ್ಟ 128 ಡಿಬಿ (ಡೆಸಿಬಲ್; 10 ಡಿಬಿ ನಷ್ಟ ಎಂದರೆ ಸಿಗ್ನಲ್ ಹತ್ತರಲ್ಲಿ ಒಂದಕ್ಕೆ ಇಳಿದಂತೆ). 5.8 ಗಿಗಾಹರ್ಟ್ಸ್‌ನಲ್ಲಿ 10 ಕಿ.ಮೀ. ಹೋದರೂ ಅಷ್ಟೇ ನಷ್ಟ! ಅದರ ಮೇಲೆ ಗಾಳಿಯಲ್ಲಿರುವ ಆಮ್ಲಜನಕ ಕಿಲೋಮೀಟರಿಗೆ ಸುಮಾರು 15 ಡಿಬಿ ಹೀರುತ್ತದೆ. ಗಂಟೆಗೆ 50 ಮಿ.ಮೀ. ಬಿರುಸಿನ ಮಳೆ ಬಂದರೆ ಕಿಲೋಮೀಟರಿಗೆ ಇನ್ನೂ 17 ಡಿಬಿ ಹೋಗುತ್ತದೆ. 66 ಗಿಗಾಹರ್ಟ್ಸ್ ದಾಟಿದ ಚಾನೆಲ್‌ಗಳಲ್ಲಿ ಆಮ್ಲಜನಕದ ಕಾಟ ಬಹಳ ಕಡಿಮೆ, ಹಾಗಾಗಿ ಆ ಚಾನೆಲ್‌ಗಳು ಇರುವ ರೇಡಿಯೊ ಸಿಕ್ಕಿ, ನಿಮ್ಮ ದೇಶದಲ್ಲಿ ಅವಕ್ಕೆ ಅನುಮತಿಯೂ ಇದ್ದರೆ ಅದನ್ನೇ ಆರಿಸಿ. ಮಳೆಯಲ್ಲಿ ತಾನೇ 5 ಗಿಗಾಹರ್ಟ್ಸ್‌ಗೆ ಜಾರುವ ಎರಡು ಬ್ಯಾಂಡಿನ (ಆವರ್ತನದ ಗುಂಪಿನ) ರೇಡಿಯೊಗಳೂ ಇವೆ. ವೇಗ ಇಳಿದರೂ ಲಿಂಕ್ ಉಳಿಯುತ್ತದೆ, ಜೋರು ಮಳೆಯ ಊರುಗಳಿಗೆ ಇದು ನನ್ನ ಮೊದಲ ಸಲಹೆ.

ಪೆಟ್ಟಿಗೆ ಮೇಲೆ 15 ಕಿ.ಮೀ. ಎಂದು ಬರೆದಿದೆ. ನಂಬಬಹುದೇ?

ಅದು ಬೇರೆ ಅಲೆಗಳ ಗದ್ದಲವೇ ಇಲ್ಲದ, ಅಡ್ಡಿಯೇ ಇಲ್ಲದ ದಾರಿಯಲ್ಲಿ ಬಂದ ಅಂಕಿ. ನಿಮ್ಮ ಲಿಂಕಿನ ಲೆಕ್ಕವನ್ನು ನೀವೇ ಮಾಡಿ. ಕೂಡುವುದು, ಕಳೆಯುವುದು ಬಂದರೆ ಸಾಕು.

ಕಳುಹಿಸುವ ಪವರಿಗೆ ಎರಡೂ ತುದಿಯ ಆಂಟೆನಾ ಗೇನ್ (ಅಲೆಯನ್ನು ಒಂದೇ ದಿಕ್ಕಿಗೆ ಕೂಡಿಸಿ ಆಂಟೆನಾ ಕೊಡುವ ಲಾಭ) ಕೂಡಿಸಿ, ದಾರಿಯ ನಷ್ಟ ಕಳೆಯಿರಿ. ಉಳಿದದ್ದು ಆಚೆ ತುದಿಗೆ ಮುಟ್ಟುವ ಸಿಗ್ನಲ್. 5.8 ಗಿಗಾಹರ್ಟ್ಸ್‌ನಲ್ಲಿ 5 ಕಿ.ಮೀ. ದಾರಿಯ ನಷ್ಟ 122 ಡಿಬಿ. ದೂರ ಇಮ್ಮಡಿಯಾದಾಗಲೆಲ್ಲ ಇದಕ್ಕೆ 6 ಡಿಬಿ ಸೇರಿಸುತ್ತಾ ಹೋಗಿ. ರೇಡಿಯೊ 20 ಡಿಬಿಎಂ (1 ಮಿಲಿವಾಟ್‌ಗೆ ಹೋಲಿಸಿ ಪವರ್ ಹೇಳುವ ಅಳತೆ) ಪವರಿನಲ್ಲಿ ಕಳುಹಿಸುತ್ತದೆ, ಎರಡೂ ಕಡೆ 23 ಡಿಬಿಐ (ಆಂಟೆನಾ ಗೇನಿನ ಅಳತೆ) ಡಿಶ್ ಇದೆ ಎಂದುಕೊಳ್ಳೋಣ. 20, 23, 23 ಕೂಡಿದರೆ 66. ಅದರಲ್ಲಿ 122 ಕಳೆದರೆ ಮೈನಸ್ 56 ಡಿಬಿಎಂ. ಒಳ್ಳೆಯ ಸಿಗ್ನಲ್.

ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ, ಅರ್ಧದಷ್ಟು ಜನ ಇಲ್ಲಿಗೇ ನಿಲ್ಲಿಸಿ ಮೋಸಹೋಗುತ್ತಾರೆ. ಸಿಗ್ನಲ್ ಎಷ್ಟಿದೆ ಎಂಬುದಕ್ಕಿಂತ ಗದ್ದಲದಿಂದ ಅದು ಎಷ್ಟು ಮೇಲಿದೆ ಎಂಬುದೇ ಮುಖ್ಯ. ನಿಶ್ಶಬ್ದ ಜಾಗದಲ್ಲಿ 40 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ಗದ್ದಲ ಮೈನಸ್ 93ರ ಆಸುಪಾಸು ಇದ್ದರೆ ನಿಮಗೆ 37 ಡಿಬಿ ಅಂತರ ಸಿಕ್ಕಿತು. 256-ಕ್ಯೂಎಎಂ ಎಂಬ ವೇಗದ ಮಾಡ್ಯುಲೇಶನ್ನಿಗೆ (ಅಲೆಯ ಮೇಲೆ ಮಾಹಿತಿ ಹೇರುವ ವಿಧಾನಕ್ಕೆ) ಸುಮಾರು 30 ಡಿಬಿ ಬೇಕು, ಆರಾಮಾಗಿ ನಡೆಯುತ್ತದೆ. ಅದೇ ಡಿಶ್, ಅದೇ ದೂರ, ಆದರೆ ಸುತ್ತ ರೇಡಿಯೊಗಳು ತುಂಬಿರುವ ಜಾಗದಲ್ಲಿ ಗದ್ದಲ ಮೈನಸ್ 80 ಇದ್ದರೆ ಅಂತರ 24ಕ್ಕೆ ಇಳಿಯಿತು. ವೇಗ ಎರಡು ಮೆಟ್ಟಿಲು ಕೆಳಗೆ ಬರುತ್ತದೆ. ಉಪಕರಣ ಕೊಳ್ಳುವ ಮುನ್ನ ಸ್ಪೆಕ್ಟ್ರಮ್ ಸ್ಕ್ಯಾನ್ (ಯಾವ ಆವರ್ತನದಲ್ಲಿ ಎಷ್ಟು ಗದ್ದಲವಿದೆ ಎಂದು ಅಳೆಯುವುದು) ಮಾಡಿ ಎಂದು ಅಂಗಲಾಚುವುದು ಇದಕ್ಕಾಗಿಯೇ. ಎರಡೂ ತುದಿಯಲ್ಲಿ ಮಾಡಬೇಕು, ಸಂಜೆ ಹೊತ್ತಿನಲ್ಲಿ ಒಮ್ಮೆ ಮಾಡಬೇಕು, ಎಲ್ಲರೂ ನೆಟ್ ಬಳಸುವ ಹೊತ್ತು ಅದು.

ಬೇಕಾದದ್ದಕ್ಕಿಂತ ಮೇಲೆ 10ರಿಂದ 20 ಡಿಬಿ ಮಿಗಿಸಿ ಇಟ್ಟುಕೊಳ್ಳಿ. ಗಾಳಿಗೆ ಡಿಶ್ ಅಲುಗುತ್ತದೆ, ಹವೆ ಬದಲಾಗುತ್ತದೆ, ಹೊಸ ರೇಡಿಯೊಗಳು ಬರುತ್ತವೆ. ಲಿಂಕನ್ನು ಉಳಿಸುವುದು ಈ ಮಿಗತೆಯೇ.

ಸಿಗ್ನಲ್ ಸಾಲದಿದ್ದರೆ ಪವರ್ ಹೆಚ್ಚಿಸಿದರೆ ಆಗದೇ?

ಡಿಶ್ ದೊಡ್ಡದು ಮಾಡಿ, ಪವರ್ ಹೆಚ್ಚಿಸಬೇಡಿ. ಪವರ್ ಬರೀ ಕೂಗುವ ದನಿ. ಡಿಶ್ ಬಾಯಿಯೂ ಹೌದು, ಕಿವಿಯೂ ಹೌದು: ಕಳುಹಿಸುವಾಗಲೂ ಗೇನ್ ಕೊಡುತ್ತದೆ, ಕೇಳುವಾಗಲೂ ಕೊಡುತ್ತದೆ, ಮೇಲಾಗಿ ಪಕ್ಕದಿಂದ ಬರುವ ಗದ್ದಲಕ್ಕೆ ಕಿವುಡಾಗುತ್ತದೆ. ಎರಡೂ ಕಡೆ 16 ಡಿಬಿಐ ಪ್ಯಾನೆಲ್ (ಚಪ್ಪಟೆ ಆಂಟೆನಾ) ತೆಗೆದು 23 ಡಿಬಿಐ ಡಿಶ್ ಹಾಕಿದರೆ ಒಟ್ಟು 14 ಡಿಬಿ ಲಾಭ. ಅಷ್ಟನ್ನು ಪವರಿನಿಂದ ಪಡೆಯಬೇಕೆಂದರೆ 25 ಪಟ್ಟು ಪವರ್ ಬೇಕು, ಅದಕ್ಕೆ ಕಾನೂನೂ ಒಪ್ಪುವುದಿಲ್ಲ.

ದತ್ತಾಂಶ ಹಾಳೆಯಲ್ಲಿ ದೊಡ್ಡದಾಗಿ ಬರೆದಿರುವ ಪವರ್ ಕೆಳಗಿನ ವೇಗದ್ದು ಎಂಬುದೂ ನೆನಪಿರಲಿ. ಮೇಲಿನ ಮಾಡ್ಯುಲೇಶನ್‌ಗಳಲ್ಲಿ ಅದೇ ರೇಡಿಯೊ ಕೆಲವು ಡಿಬಿ ಕಡಿಮೆ ಪವರಿನಲ್ಲೇ ಕಳುಹಿಸಬೇಕಾಗುತ್ತದೆ, ಇಲ್ಲದಿದ್ದರೆ ಸಿಗ್ನಲ್ ವಿಕಾರವಾಗುತ್ತದೆ. ಹತ್ತಿರದ ಲಿಂಕಿಗೆ ದೊಡ್ಡ ಡಿಶ್ ಹಾಕಿ ಮೈನಸ್ 30 ತಂದುಕೊಂಡರೂ ತೊಂದರೆಯೇ, ಸಿಗ್ನಲ್ ಪಡೆಯುವ ಭಾಗ ಉಸಿರುಗಟ್ಟುತ್ತದೆ. ಮೈನಸ್ 45ರಿಂದ 60ರ ನಡುವೆ ಇದ್ದರೆ ನನಗೆ ನೆಮ್ಮದಿ.

867 ಮೆಗಾಬಿಟ್ ಎಂದು ಬರೆದಿದೆ. ನಿಜವಾಗಿ ಎಷ್ಟು ಸಿಗುತ್ತದೆ?

ಎರಡೂ ದಿಕ್ಕು ಸೇರಿ, ಎಲ್ಲ ಸರಿಯಿದ್ದರೆ, 500ರ ಆಸುಪಾಸು. 867 ಎಂಬುದು ಗಾಳಿಯಲ್ಲಿನ ವೇಗ, ಅದೂ 80 ಮೆಗಾಹರ್ಟ್ಸ್ ಅಗಲದ ಚಾನೆಲ್ ಸಿಕ್ಕಾಗ. ಇಂಥ ರೇಡಿಯೊಗಳು ಒಂದೇ ಚಾನೆಲ್‌ನಲ್ಲಿ ಸರದಿಯಂತೆ ಮಾತಾಡುತ್ತವೆ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಬರೆದಿರುವ ಅಂಕಿಯ ಅರ್ಧ ಸಿಗುತ್ತದೆ ಎಂದು ಯೋಜನೆ ಹಾಕಿಕೊಂಡರೆ ನಿರಾಶೆ ಆಗುವುದಿಲ್ಲ.

ಈಥರ್ನೆಟ್ ಪೋರ್ಟ್ ನೋಡುವುದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಗಾಳಿಯಲ್ಲಿ 300 ಮೆಗಾಬಿಟ್ ಎಂದು ಸಾರುವ ಎಷ್ಟೋ ಅಗ್ಗದ ರೇಡಿಯೊಗಳ ಪೋರ್ಟ್ 100 ಮೆಗಾಬಿಟ್ಟಿನದು. ಹೊಳೆ ಅಗಲವಾಗಿದ್ದರೂ ತೂಬು ಸಣ್ಣದು.

ಚಾನೆಲ್ ಅಗಲ ಹೆಚ್ಚಿದಷ್ಟೂ ಒಳ್ಳೆಯದಲ್ಲವೇ?

ಅಗಲ ಇಮ್ಮಡಿಯಾದರೆ ಒಳಗೆ ಬರುವ ಗದ್ದಲವೂ 3 ಡಿಬಿ ಏರುತ್ತದೆ, ಖಾಲಿ ಜಾಗ ಸಿಗುವುದೂ ಕಷ್ಟ. ಗದ್ದಲದ ನಡುವೆ 80ರಲ್ಲಿ ತಡವರಿಸುವ ಲಿಂಕ್ 40ಕ್ಕೆ ಇಳಿಸಿದ ಕೂಡಲೇ ವೇಗ ಪಡೆದದ್ದನ್ನು ಹಲವು ಸಲ ಕಂಡಿದ್ದೇನೆ. ಬೇಕಾದಷ್ಟೇ ಅಗಲ ತೆಗೆದುಕೊಳ್ಳಿ, ನೆರೆಯವರಿಗೂ ಒಂದಿಷ್ಟು ಜಾಗ ಉಳಿಯಲಿ.

ಒಂದು ಕಡೆ ಒಂದು ಕಂಪನಿಯದು, ಇನ್ನೊಂದು ಕಡೆ ಬೇರೆ ಕಂಪನಿಯದು ಹಾಕಬಹುದೇ?

ಬೇಡ. ಮಾಮೂಲಿ ವೈ-ಫೈ ಕ್ರಮದಲ್ಲಿ ಮಾತಾಡಬಲ್ಲವು, ಆದರೆ ಆ ಕ್ರಮ ಒಂದು ಕೋಣೆಗಾಗಿ ಮಾಡಿದ್ದು. ಅದರಲ್ಲಿ ಕಾಯುವ ಘಟಕ 9 ಮೈಕ್ರೋಸೆಕೆಂಡ್, 10 ಕಿ.ಮೀ. ದೂರಕ್ಕೆ ಅಲೆ ಹೋಗಿ ಬರಲು 67 ಮೈಕ್ರೋಸೆಕೆಂಡ್ ಬೇಕು. ಉತ್ತರ ಬರುವ ಮೊದಲೇ ಬರಲಿಲ್ಲವೆಂದು ತಿಳಿದು ಮತ್ತೆ ಕಳುಹಿಸಿದರೆ ಲಿಂಕ್ ತೆವಳುತ್ತದೆ. ಹೊರಾಂಗಣ ರೇಡಿಯೊಗಳಲ್ಲಿ ದೂರಕ್ಕೆ ತಕ್ಕಂತೆ ಈ ಕಾಯುವ ಹೊತ್ತನ್ನು ಹೊಂದಿಸಬಹುದು. ಜೊತೆಗೆ ತಯಾರಕರು ಸರದಿ ಹಂಚುವ ತಮ್ಮದೇ ಕ್ರಮ ಇಟ್ಟಿರುತ್ತಾರೆ: ಯುಬಿಕ್ವಿಟಿಯದು ಏರ್‌ಮ್ಯಾಕ್ಸ್, ಮೈಕ್ರೊಟಿಕ್‌ನದು ಎನ್‌ವಿ2. ಒಂದು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಎರಡೂ ತುದಿಗೆ ಒಂದೇ ಮಾದರಿ, ಒಂದೇ ಫರ್ಮ್‌ವೇರ್ (ರೇಡಿಯೊದೊಳಗಿನ ತಂತ್ರಾಂಶ) ಇರಲಿ.

ಪರವಾನಗಿ ಬೇಕೇ?

ನಿಮ್ಮ ದೇಶದ ನಿಯಂತ್ರಣ ಸಂಸ್ಥೆಯ ಪಟ್ಟಿ ನೋಡಿ. ಯಾವ ಬ್ಯಾಂಡ್ ಮುಕ್ತ, ಆಂಟೆನಾ ಸೇರಿಸಿ ಎಷ್ಟು ಪವರ್ ಬಿಡಬಹುದು ಎಂಬುದು ದೇಶದಿಂದ ದೇಶಕ್ಕೆ ಬೇರೆ. ರೇಡಿಯೊದಲ್ಲಿ ದೇಶವನ್ನು ಸರಿಯಾಗಿ ಆರಿಸಿ. ಹೆಚ್ಚು ಪವರಿಗಾಗಿ ಸುಳ್ಳು ದೇಶ ಆರಿಸುವುದು ಬೇರೆಯವರ ಲಿಂಕನ್ನು ಕೆಡಿಸುವ ಕೆಲಸ.

5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುತ್ತವೆ. ಅಲ್ಲಿ ರೇಡಿಯೊ ಮೊದಲು 60 ಸೆಕೆಂಡ್ ಸುಮ್ಮನೆ ಆಲಿಸಬೇಕು, ಯುರೋಪಿನ ನಿಯಮದಂತೆ ಹವಾಮಾನ ರಾಡಾರ್ ಚಾನೆಲ್‌ಗಳಲ್ಲಿ 10 ನಿಮಿಷ. ರಾಡಾರ್ ಕೇಳಿಸಿದರೆ ಚಾನೆಲ್ ಬಿಟ್ಟು ಹೋಗಬೇಕು. ವಿಮಾನ ನಿಲ್ದಾಣ, ಬಂದರುಗಳ ಹತ್ತಿರ ಇದು ಪದೇ ಪದೇ ಆಗುತ್ತದೆ. ಒಂದು ಕ್ಷಣವೂ ನಿಲ್ಲಬಾರದ ಲಿಂಕಿಗೆ ಆ ಚಾನೆಲ್‌ಗಳನ್ನು ನೆಚ್ಚಬೇಡಿ.

ಕೇಬಲ್, ಪಿಒಇ (ಈಥರ್ನೆಟ್ ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ ಏರ್ಪಾಡು), ಸಿಡಿಲು: ಇವಕ್ಕೂ ಅಷ್ಟು ಗಮನ ಬೇಕೇ?

ರೇಡಿಯೊಗಿಂತ ಹೆಚ್ಚು ಬೇಕು. ನಾನು ಕಂಡ ಬಿದ್ದ ಲಿಂಕ್‌ಗಳಲ್ಲಿ ಹೆಚ್ಚಿನವು ಬಿದ್ದದ್ದು ಕೇಬಲ್‌ನಿಂದ, ಕನೆಕ್ಟರ್‌ನಿಂದ, ಪವರ್‌ನಿಂದ. ಬಿಸಿಲಿಗೆ ತಡೆಯುವ ಹೊರಾಂಗಣ ಕೇಬಲ್ಲೇ ಆಗಬೇಕು, ಒಳಾಂಗಣದ ಕೇಬಲ್ಲಿನ ಹೊದಿಕೆ ಬಿಸಿಲಿಗೆ ಬಿರುಕು ಬಿಟ್ಟು ನೀರು ಒಳಸೇರುತ್ತದೆ. ಶೀಲ್ಡ್ (ಲೋಹದ ಕವಚ) ಇರುವ ಕೇಬಲ್, ಅದಕ್ಕೆ ಶೀಲ್ಡ್ ಇರುವ ಕನೆಕ್ಟರ್. ರೇಡಿಯೊ ಕೆಳಗೆ ಕೇಬಲನ್ನು ಒಂದು ಕುಣಿಕೆಯಂತೆ ಇಳಿಬಿಡಿ, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಲಿ.

ಪಿಒಇಯಲ್ಲಿ ಎರಡು ಜಾತಿ. 802.3ಎಎಫ್ ಮತ್ತು 802.3ಎಟಿ ಎಂಬ ಮಾನಕಗಳವು ಮೊದಲು ಎದುರಿನ ಉಪಕರಣವನ್ನು ಕೇಳಿ ಆಮೇಲೆ ವಿದ್ಯುತ್ ಕೊಡುತ್ತವೆ, ಕ್ರಮವಾಗಿ 15.4 ಮತ್ತು 30 ವಾಟ್‌ವರೆಗೆ. ಪ್ಯಾಸಿವ್ ಪಿಒಇ ಕೇಳುವುದಿಲ್ಲ, ಸುಮ್ಮನೆ ತಂತಿಗೆ, ಹೆಚ್ಚಾಗಿ 24 ವೋಲ್ಟ್, ಬಿಡುತ್ತದೆ. ಅದನ್ನು ತಪ್ಪು ಪೋರ್ಟಿಗೆ ಚುಚ್ಚಿದರೆ ಲ್ಯಾಪ್‌ಟಾಪಿನ ಪೋರ್ಟ್ ಸುಟ್ಟೀತು. ಇಂಜೆಕ್ಟರ್ (ಕೇಬಲ್ಲಿಗೆ ವಿದ್ಯುತ್ ಸೇರಿಸುವ ಪೆಟ್ಟಿಗೆ) ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ.

ನೇರ ಸಿಡಿಲನ್ನು ಯಾವ ಸರ್ಜ್ ಪ್ರೊಟೆಕ್ಟರೂ ತಡೆಯುವುದಿಲ್ಲ. ಅದು ಉಳಿಸುವುದು ಹತ್ತಿರದಲ್ಲಿ ಹೊಡೆದ ಸಿಡಿಲು ಕೇಬಲ್ಲಿಗೆ ತುಂಬುವ ಹೊಡೆತದಿಂದ. ರೇಡಿಯೊ ಹತ್ತಿರ ಒಂದು, ಕೇಬಲ್ ಕಟ್ಟಡದೊಳಗೆ ಹೋಗುವಲ್ಲಿ ಒಂದು ಹಾಕಿ. ಅರ್ಥಿಂಗ್ ತಂತಿ ದಪ್ಪಗಿರಲಿ, ಚಿಕ್ಕದಾಗಿರಲಿ, ನೇರವಾಗಿರಲಿ, ಕಟ್ಟಡದ ಅರ್ಥಿಂಗ್‌ಗೇ ಸೇರಲಿ. ಅರ್ಥಿಂಗ್ ಇಲ್ಲದ ಸರ್ಜ್ ಪ್ರೊಟೆಕ್ಟರ್ ಇದ್ದೂ ಇಲ್ಲದಂತೆ.

ಡಿಶ್ ತಿರುಗಿಸಿದೆ, ಸಿಗ್ನಲ್ ಬಂತು. ಅಲ್ಲಿಗೇ ಬಿಗಿಯಲೇ?

ತಡೆಯಿರಿ. ಲೆಕ್ಕದಲ್ಲಿ ಮೈನಸ್ 56 ಬಂದು, ಮೀಟರಿನಲ್ಲಿ ಮೈನಸ್ 75 ಕಾಣುತ್ತಿದ್ದರೆ ನೀವು ಕಿರಣದ ಪಕ್ಕದ ಹಾಲೆಯ ಮೇಲೆ ನಿಂತಿದ್ದೀರಿ. ಪ್ರತಿ ಡಿಶ್‌ಗೂ ಮುಖ್ಯ ಕಿರಣದ ಅಕ್ಕಪಕ್ಕ ಇಂಥ ಸಣ್ಣ ಹಾಲೆಗಳಿರುತ್ತವೆ. 30 ಡಿಬಿಐ ಡಿಶ್‌ನ ಮುಖ್ಯ ಕಿರಣ ಐದಾರು ಡಿಗ್ರಿ ಮಾತ್ರ, ಅದನ್ನು ದಾಟಿ ಹೋಗುವುದು ಸುಲಭ. ಒಂದು ತುದಿಯನ್ನು ಅಲುಗಿಸದೆ ಇನ್ನೊಂದನ್ನು ಎಡದಿಂದ ಬಲಕ್ಕೆ ಪೂರ್ತಿ ಗುಡಿಸಿ, ಏರಿಳಿತ ನೋಡಿ, ಎಲ್ಲಕ್ಕಿಂತ ಎತ್ತರದ ಶಿಖರಕ್ಕೆ ಮರಳಿ. ಆಮೇಲೆ ಮೇಲೆ ಕೆಳಗೆ. ಆಮೇಲೆ ಆಚೆ ತುದಿ. ಲೆಕ್ಕಕ್ಕೂ ಮೀಟರಿಗೂ 3 ಡಿಬಿ ಒಳಗೆ ಹೊಂದಿಕೆ ಬರುವ ತನಕ ನಾನು ಕೆಳಗಿಳಿಯುವುದಿಲ್ಲ.

ಕಂಬ ಗಟ್ಟಿಯಿರಬೇಕು. ದೊಡ್ಡ ಡಿಶ್ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಜಾಲರಿ ಡಿಶ್‌ಗೆ ಗಾಳಿಯ ಹೊರೆ ಕಡಿಮೆ. 60 ಗಿಗಾಹರ್ಟ್ಸ್‌ನ ಡಿಶ್ ಕಿರಣ ಒಂದೆರಡು ಡಿಗ್ರಿಯದು, ಸಪೂರ ಕಂಬ ತೂಗಾಡಿದರೆ ಲಿಂಕೂ ತೂಗಾಡುತ್ತದೆ.

ಹಗಲು ಸರಿಯಿರುತ್ತದೆ, ರಾತ್ರಿ ಅಥವಾ ಬೆಳಗಿನ ಜಾವ ಸಿಗ್ನಲ್ ಕುಣಿಯುತ್ತದೆ. ರೇಡಿಯೊ ಕೆಟ್ಟಿದೆಯೇ?

ಕೆಟ್ಟಿರಲಿಕ್ಕಿಲ್ಲ. ಗಾಳಿ ನಿಂತ ರಾತ್ರಿಗಳಲ್ಲಿ ನೆಲದ ಹತ್ತಿರ ತಂಪು, ಮೇಲೆ ಬಿಸಿ ಪದರ ಕೂಡಿಕೊಂಡು ಅಲೆಯ ದಾರಿ ಬಾಗುತ್ತದೆ. ನೀರಿನ ಮೇಲೆ ಹೋಗುವ ಲಿಂಕ್‌ಗಳಲ್ಲಿ ಪ್ರತಿಫಲಿಸಿದ ಅಲೆಯೂ ಸೇರಿ ಒಂದನ್ನೊಂದು ಅಳಿಸುತ್ತವೆ. ಆಗ ಒಂದು ಆಂಟೆನಾದ ಎತ್ತರವನ್ನು ಬದಲಿಸಿ ನೋಡಿ. ತಗ್ಗಿಸಿದರೂ ಒಮ್ಮೊಮ್ಮೆ ಸರಿಹೋಗುತ್ತದೆ, ಆದರೆ ಫ್ರೆನೆಲ್ ವಲಯಕ್ಕೆ ಅಡ್ಡಿ ಬರದಿರಲಿ.

ಮುಕ್ತ ಬ್ಯಾಂಡಿನಲ್ಲಿ ತೀರಾ ದೂರದ ಲಿಂಕ್ ಸಾಧ್ಯವೇ?

ವೆನೆಜುವೆಲಾದಲ್ಲಿ ಎರ್ಮಾನೊ ಪಿಯೆತ್ರೊಸೆಮೋಲಿ ಮತ್ತು ಜೊತೆಗಾರರು 2006ರಲ್ಲಿ 279 ಕಿ.ಮೀ., 2007ರಲ್ಲಿ 382 ಕಿ.ಮೀ. ವೈ-ಫೈ ಲಿಂಕ್ ಹಾಕಿ ತೋರಿಸಿದರು. ರೇಡಿಯೊ ಮನೆಬಳಕೆಯ ರೂಟರ್‌ನ ದರ್ಜೆಯದು. ಅವರಿಗೆ ಒದಗಿಬಂದದ್ದು ಪರ್ವತಗಳ ಎತ್ತರ, ದೊಡ್ಡ ಡಿಶ್‌ಗಳು, ದೂರಕ್ಕೆ ಹೊಂದಿಸಿದ ಕಾಯುವ ಹೊತ್ತು. ಆ ಪ್ರಯೋಗವನ್ನು ನೆನೆದಾಗಲೆಲ್ಲ ನನಗೆ ಹುರುಪು ಬರುತ್ತದೆ. ದಿನಬಳಕೆಗೆ ಮಾತ್ರ 30 ಕಿ.ಮೀ. ಎಂದರೂ ನಡುವೆ 25 ಮೀಟರ್ ತೆರವು ಬೇಕು, ಬಾಗು ಮತ್ತು ಫ್ರೆನೆಲ್ ಎರಡೂ ಸೇರಿ. ಅಷ್ಟು ಎತ್ತರ ಎರಡೂ ತುದಿಯಲ್ಲಿ ಇಲ್ಲದಿದ್ದರೆ ನಡುವೆ ರಿಲೇ ಇಡಿ.

ಬಿಡಿ ರೇಡಿಯೊ ಇಟ್ಟುಕೊಳ್ಳಬೇಕೇ?

ಹೌದು. ಎರಡಲ್ಲ, ಮೂರು ಕೊಳ್ಳಿ. ಮಾದರಿಗಳು ಬೇಗ ಮಾರುಕಟ್ಟೆಯಿಂದ ಮರೆಯಾಗುತ್ತವೆ, ಹೊಸತು ಹಳೆಯದರೊಂದಿಗೆ ಹೊಂದದೆ ಹೋದರೆ ಎರಡನ್ನೂ ಬದಲಿಸಬೇಕಾಗುತ್ತದೆ. ಮೂರನೆಯದಕ್ಕೆ ಅದೇ ಫರ್ಮ್‌ವೇರ್ ಹಾಕಿ, ಎರಡೂ ತುದಿಯ ಸೆಟ್ಟಿಂಗ್‌ಗಳ ಪ್ರತಿ ಉಳಿಸಿಕೊಂಡು, ಒಂದು ಇಂಜೆಕ್ಟರ್ ಜೊತೆಗೆ ಡಬ್ಬದಲ್ಲಿಡಿ. ಪಾಸ್‌ವರ್ಡ್ ಬದಲಿಸಿ, ಲಿಂಕ್ ಹಾಕಿದ ದಿನ ಬಂದ ಸಿಗ್ನಲ್ ಅಂಕಿ, ಡಿಶ್‌ನ ದಿಕ್ಕು, ಚಾನೆಲ್ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅದೇ ಡಬ್ಬದೊಳಗೆ ಹಾಕಿ.